ನೆನಪನ್ನು ಕೆದಕಿದ ಮೇಲೆ ಹತ್ತು ನಿಮಿಷ

ಮೊದಲ ದಿನ ನಾನು ತೋರಿಸಿದ ವಿಡಿಯೊ ನೋಡಿ ಆ ಹುಡುಗ ನಕ್ಕುಬಿಟ್ಟ. 'ಮೇಡಂ, ಇದು ಹಳೇ ಮ್ಯಾಪು. ಈಗ ಯಾರೂ ಇದರಲ್ಲಿ ಆಡಲ್ಲ.' ಅವನಲ್ಲಿ ಆಟದ ಹಂಬಲ ಕೆರಳಲಿ ಅಂತ ನಾನು ವಾರವಿಡೀ ಕೂತು ಕತ್ತರಿಸಿ ಜೋಡಿಸಿದ ಐದು ನಿಮಿಷದ ವಿಡಿಯೊ ಅದು. ಸೊನ್ನೆಯಿಂದ ನೂರರವರೆಗಿನ ಗೆರೆ ಕೊಟ್ಟು, ಈಗ ಆಡಬೇಕೆನ್ನುವ ಆಸೆ ಎಷ್ಟಿದೆ ಗುರುತು ಹಾಕಿ ಅಂದೆ. ಸೊನ್ನೆಯ ಪಕ್ಕದಲ್ಲೇ ಒಂದು ಗೀಟು ಎಳೆದ. ಕೆರಳದೇ ಇರುವ ಹಂಬಲಕ್ಕೆ ಚಿಕಿತ್ಸೆ ಕೊಡುವುದೆಂತು? ಅವತ್ತಿನ ಕೆಲಸ ಅಲ್ಲಿಗೇ ನಿಂತಿತು.

ನಾನು ಮನೋಚಿಕಿತ್ಸಕಿ. ಗೇಮಿಂಗ್ ಗೀಳನ್ನು ನೆನಪಿನ ದಾರಿಯಿಂದ ಸಡಿಲಿಸಲು ಆಗುತ್ತದೆಯೇ ಎಂದು ಸಣ್ಣದೊಂದು ಗುಂಪಿನಲ್ಲಿ ಪರೀಕ್ಷಿಸಿದೆ. ಚಟದ ಚಿಕಿತ್ಸೆಯಲ್ಲಿ ಹಳೆಯ ಪದ್ಧತಿಯೊಂದಿದೆ. ಆಸೆ ಹುಟ್ಟಿಸುವ ಸುಳಿವುಗಳನ್ನು ಮತ್ತೆ ಮತ್ತೆ ಮುಂದಿಡುವುದು, ಆದರೆ ಆಸೆ ತೀರಲು ಬಿಡದಿರುವುದು. ಸದ್ದು ಕೇಳಿಸಿ ಊಟ ಕೊಡದೇ ಹೋದರೆ ಪಾವ್ಲೋವ್‌ನ ನಾಯಿಗಳಿಗೆ ಜೊಲ್ಲು ಸುರಿಯುವುದು ಕ್ರಮೇಣ ನಿಲ್ಲುತ್ತಿತ್ತಲ್ಲ, ಅದೇ ಸೂತ್ರ. ಇದನ್ನು ಎಕ್ಸ್‌ಟಿಂಕ್ಷನ್ ಅನ್ನುತ್ತೇವೆ, ನಂದಿಸುವುದು ಅಂತಿಟ್ಟುಕೊಳ್ಳಿ. ತೊಂದರೆ ಏನೆಂದರೆ ಇದರಲ್ಲಿ ಹಳೆಯ ನೆನಪು ಅಳಿಯುವುದಿಲ್ಲ, ಅದರ ಮೇಲೆ ಹೊಸ ಕಲಿಕೆಯೊಂದು ಕೂರುತ್ತದೆ, ಅಷ್ಟೆ. ಬೂದಿ ಮುಚ್ಚಿದ ಕೆಂಡ. ಕೆಲವು ವಾರ ಕಳೆದರೆ, ಇಲ್ಲವೇ ಚಿಕಿತ್ಸೆಯ ಕೋಣೆಯಿಂದ ಹೊರಬಂದು ತನ್ನ ಮಂಚದ ಮೇಲೆ ಕೂತರೆ, ಕೆಂಡ ಮತ್ತೆ ಕಾಣಿಸಿಕೊಳ್ಳುತ್ತದೆ.

ನೆನಪನ್ನೇ ಮುಟ್ಟಬಹುದು ಎಂಬ ಆಸೆ ಚಿಗುರಿದ್ದು ಇಲಿಗಳಿಂದ. ಸದ್ದು ಕೇಳಿದರೆ ಶಾಕ್ ಹೊಡೆಯುತ್ತದೆಂದು ಕಲಿತ ಇಲಿಗಳಿಗೆ ಆ ಸದ್ದನ್ನು ಒಮ್ಮೆ ನೆನಪಿಸಿ, ಕೂಡಲೇ ಮಿದುಳಿನಲ್ಲಿ ಭಯದ ನೆನಪಿಗೆ ಮುಖ್ಯವಾದ ಅಮಿಗ್ಡಲಾ ಎಂಬ ಭಾಗದೊಳಗೆ ಪ್ರೊಟೀನ್ ತಯಾರಿಕೆ ತಡೆಯುವ ಔಷಧ ಕೊಟ್ಟಾಗ ಅವುಗಳ ಹೆದರಿಕೆ ಇಳಿಯಿತು. ಆರು ಗಂಟೆ ತಡವಾಗಿ ಕೊಟ್ಟರೆ ಏನೂ ಆಗಲಿಲ್ಲ. ಕರೀಂ ನಾದರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಕೆಲಸ ಇದು. ಕೆದಕಿದ ನೆನಪು ಕೆಲ ಗಂಟೆ ಹಸಿ ಗೋಡೆಯಂತಿರುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಔಷಧವಿಲ್ಲದೆ, ಗೋಡೆ ಹಸಿಯಾಗಿರುವಾಗಲೇ ನಂದಿಸುವ ತರಬೇತಿ ಕೊಟ್ಟರೆ ಹೇಗೆ ಎಂದು 2009ರಲ್ಲಿ ಇಲಿಗಳ ಮೇಲೆ ನೋಡಿದರು. 2012ರಲ್ಲಿ ಚೀನಾದ ಸಂಶೋಧಕರು ಹೆರಾಯಿನ್ ಬಿಟ್ಟವರಿಗೆ ಇದನ್ನೇ ಮಾಡಿದರು. ಐದು ನಿಮಿಷ ಹೆರಾಯಿನ್ ವಿಡಿಯೊ, ಹತ್ತು ನಿಮಿಷ ಬಿಡುವು, ಆಮೇಲೆ ಒಂದು ಗಂಟೆ ನಂದಿಸುವ ತರಬೇತಿ, ಸತತ ಎರಡು ದಿನ. 180 ದಿನಗಳಾದ ಮೇಲೂ ಹಂಬಲ ತಗ್ಗಿಯೇ ಇತ್ತು. ಬಿಡುವು ಆರು ಗಂಟೆಯಾಗಿದ್ದ ಗುಂಪಿಗೆ ಆ ಫಲ ಸಿಗಲಿಲ್ಲ.

ಓದಿದಾಗ ಎಷ್ಟು ಸಲೀಸು ಅನ್ನಿಸಿತ್ತು! ಭಯದ ನೆನಪಿನ ಮೇಲೆ ಮನುಷ್ಯರಲ್ಲಿ 2010ರಲ್ಲಿ ಕಂಡ ಇಂಥದ್ದೇ ಫಲಿತಾಂಶವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದು ಬರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಹಾಗಾಗಿ ನಂಬಿಕೆ ಅರ್ಧ, ಅನುಮಾನ ಅರ್ಧ ಇಟ್ಟುಕೊಂಡೇ ಶುರುಮಾಡಿದೆ.

ಯಾರನ್ನು ಸೇರಿಸಿಕೊಳ್ಳಬೇಕು ಎಂಬುದರಲ್ಲಿ ಹೆಚ್ಚು ಗೊಂದಲವಿರಲಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಿ ಗೇಮಿಂಗ್ ಕಾಯಿಲೆಗೆ ಲಕ್ಷಣಗಳನ್ನು ಬರೆದಿದ್ದಾರೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬೇರೆಲ್ಲದಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿ ಕಣ್ಣೆದುರಿಗಿದ್ದರೂ ಆಟ ಮುಂದುವರಿಯುತ್ತಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳಿಂದ. ತುಂಬಾ ಹೊತ್ತು ಆಡುವವರೆಲ್ಲ ರೋಗಿಗಳಲ್ಲ. ಮಗನನ್ನು ಕೈಹಿಡಿದು ಎಳೆತಂದ ಕೆಲವು ಅಪ್ಪ-ಅಮ್ಮಂದಿರಿಗೆ ಇದನ್ನು ಹೇಳಿ ಕಳಿಸಿದ್ದಕ್ಕೆ ಅವರು ನನ್ನ ಮೇಲೆ ಮುನಿಸಿಕೊಂಡದ್ದೂ ಉಂಟು. ಹದಿನೆಂಟು ದಾಟಿದವರನ್ನು ಮಾತ್ರ, ಅವರದೇ ಒಪ್ಪಿಗೆಯ ಮೇಲೆ ತೆಗೆದುಕೊಂಡೆ.

ನಿಜವಾದ ತಲೆನೋವು ನೆನಪನ್ನು ಕೆದಕುವುದರಲ್ಲಿತ್ತು. ಹಳೇ ಮ್ಯಾಪಿನ ಅವಮಾನದ ನಂತರ ಸಿದ್ಧ ವಿಡಿಯೊ ಬಿಟ್ಟೆ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿದೆ: ಆಡಬೇಕು ಅಂತ ಮನಸ್ಸು ಹಾರುವುದು ಯಾವ ಕ್ಷಣಕ್ಕೆ? ಗುಂಡು ಹಾರುವ ದೃಶ್ಯ, ಗೆದ್ದ ದೃಶ್ಯ ಅನ್ನುತ್ತಾರೆಂದು ಎಣಿಸಿದ್ದೆ. ಬಹಳಷ್ಟು ಜನ ಹೇಳಿದ್ದು ಆಟ ಶುರುವಾಗುವ ಮುಂಚಿನದ್ದು. ಆಟಗಾರರು ಸೇರಿ ಕಾಯುವ ಲಾಬಿಯೆಂಬ ಪರದೆಯ ಸಂಗೀತ, ಗೆಳೆಯ ಆನ್‌ಲೈನ್ ಬಂದಾಗ ಮೂಡುವ ಹಸಿರು ಚುಕ್ಕಿ, ಮ್ಯಾಚಿಗೆ ಮುನ್ನ ಹತ್ತು, ಒಂಬತ್ತು, ಎಂಟು ಎಂದು ಇಳಿಯುವ ಎಣಿಕೆ. ಒಬ್ಬರಿಗಂತೂ ಬಹುಮಾನದ ಪೆಟ್ಟಿಗೆ ತೆರೆಯುವ ಸದ್ದು. ಅವರವರ ಫೋನಿನಿಂದಲೇ ಆ ತುಣುಕುಗಳನ್ನು ರೆಕಾರ್ಡ್ ಮಾಡಿಸಿಕೊಂಡೆ. ಆಗ ಗೆರೆಯ ಮೇಲಿನ ಗುರುತು ಸೊನ್ನೆಯಿಂದ ದೂರ ಸರಿಯಿತು.

ಆದರೂ ನೆನಪಾದ ಮಾತ್ರಕ್ಕೆ ನೆನಪು ಸಡಿಲವಾಗುವುದಿಲ್ಲ. ಹಳೆಯ, ಬಲವಾಗಿ ಬೇರೂರಿದ ನೆನಪುಗಳು ಅಷ್ಟು ಸುಲಭಕ್ಕೆ ಬಾಯಿಬಿಡುವುದಿಲ್ಲ. ನಿರೀಕ್ಷೆ ಒಂದು, ಆದದ್ದು ಇನ್ನೊಂದು ಅನ್ನುವಂತಾದರೆ ಬಾಗಿಲು ತೆರೆಯುತ್ತದೆ ಎಂಬುದು ಈ ಕ್ಷೇತ್ರದ ದೊಡ್ಡ ವಾದ. ಕುಡಿತದ ಮೇಲಿನ ಪ್ರಯೋಗಗಳಲ್ಲಿ ಬಿಯರ್ ಲೋಟ ಮುಂದಿಟ್ಟು, ಕುಡಿಯುವ ಹೊತ್ತಿಗೆ ಬೇಡವೆಂದು ತಡೆದದ್ದಿದೆ. ನಾನೂ ಅದನ್ನೇ ಅನುಸರಿಸಿದೆ. ಫೋನು ಕೈಯಲ್ಲಿ, ಎಣಿಕೆ ಮೂರು, ಎರಡಕ್ಕೆ ಬಂದಾಗ ಪರದೆ ಆರಿಸಿ, ಫೋನು ವಾಪಸ್. ಒಬ್ಬರು ಸಿಟ್ಟಿನಿಂದ ಕುರ್ಚಿ ಹಿಂದಕ್ಕೆ ತಳ್ಳಿದರು. ನನಗೆ ಒಳಗೊಳಗೇ ಸಮಾಧಾನ: ಕೆದಕಿದ್ದು ಸರಿಯಾದ ಜಾಗವನ್ನೇ.

ಆಮೇಲೆ ಆ ಹತ್ತು ನಿಮಿಷ. ಓದಿದಾಗ ಅದು ಖಾಲಿ ಸಮಯ. ಕೋಣೆಯಲ್ಲಿ ಅದಷ್ಟು ಕಷ್ಟದ ಸಮಯ ಇನ್ನೊಂದಿರಲಿಲ್ಲ. ಮೊದಮೊದಲು ಸುಮ್ಮನೆ ಕೂರಿಸುತ್ತಿದ್ದೆ. ಅವರು ಮನಸ್ಸಿನಲ್ಲೇ ಪೂರ್ತಿ ಮ್ಯಾಚ್ ಆಡಿಬಿಡುತ್ತಿದ್ದರು! ಹಾಗಂತ ಹರಟೆಗೆ ಇಳಿದರೆ ನಾನೇ ಗಮನ ತಪ್ಪಿಸಿದಂತೆ. ಕೊನೆಗೆ ಕಾಗದದ ಮೇಲೆ ಸರಳ ಲೆಕ್ಕಗಳನ್ನು ಕೊಟ್ಟೆ, ಎರಡೂ ಗುಂಪಿಗೂ ಒಂದೇ ಲೆಕ್ಕ. ಹೋಲಿಕೆಯ ಗುಂಪಿಗೆ ಕೆದಕುವ ಜಾಗದಲ್ಲಿ ಪ್ರಕೃತಿಯ ವಿಡಿಯೊ. ಮಿಕ್ಕಿದ್ದೆಲ್ಲ ಥೇಟು ಅದೇ. ಯಾರು ಯಾವ ಗುಂಪು ಎಂಬುದು ಮುಚ್ಚಿದ ಲಕೋಟೆಯಲ್ಲಿತ್ತು. ಹಂಬಲ ಅಳೆಯುತ್ತಿದ್ದ ಸಹೋದ್ಯೋಗಿಗೆ ಅದು ಗೊತ್ತಿರಲಿಲ್ಲ.

ನಂದಿಸುವ ಒಂದು ಗಂಟೆಯಲ್ಲಿ ಹೆರಾಯಿನ್ ಪಾಠ ಪೂರ್ತಿ ಹೊಂದಲಿಲ್ಲ. ಸೂಜಿಯ ಚಿತ್ರ ನೋಡಿದರೆ ಅಮಲೇರದು. ಆಟದ ವಿಡಿಯೊ ಹಾಗಲ್ಲ, ಬೇರೆಯವರು ಆಡುವುದನ್ನು ಗಂಟೆಗಟ್ಟಲೆ ನೋಡಿಯೇ ಸುಖಪಡುವವರಿದ್ದಾರೆ. ಆರುವ ಬದಲು ತುಪ್ಪ ಸುರಿದಂತಾದೀತು. ಹಾಗಾಗಿ ಗೆಲುವಿನ ದೃಶ್ಯ ತೆಗೆದು ಲಾಬಿ, ಎಣಿಕೆ, ಹಸಿರು ಚುಕ್ಕಿಗಳನ್ನಷ್ಟೇ ಉಳಿಸಿದೆ. ಪ್ರತಿ ಸಲವೂ ಏನೂ ಶುರುವಾಗದೆ ಮುಗಿಯಬೇಕು. ಇನ್ನೊಂದು ಅಡ್ಡಿ, ಆಟಗಳ ಬಹುಮಾನ ಯಾವಾಗಲೋ ಒಮ್ಮೆ ಸಿಗುವಂಥದ್ದು. ಪ್ರತಿ ಸಲ ಸಿಗುವ ಬಹುಮಾನದಿಂದ ಕಲಿತದ್ದು ಬೇಗ ಆರುತ್ತದೆ, ಅದೃಷ್ಟದ ಮೇಲೆ ಸಿಗುವುದರಿಂದ ಕಲಿತದ್ದು ಹಟಮಾರಿ. ಈ ಸಲ ಇಲ್ಲದಿದ್ದರೆ ಮುಂದಿನ ಸಲ ಎಂದು ಮನಸ್ಸು ಕಾಯುತ್ತಲೇ ಇರುತ್ತದೆ.

ನನ್ನಿಂದಾದ ದೊಡ್ಡ ತಪ್ಪನ್ನೂ ಹೇಳಬೇಕು. ತರಬೇತಿ ಮುಗಿದ ಮೇಲೆ ಎಷ್ಟು ಹೊತ್ತು ಆಡಬಾರದು ಎಂದು ಮೊದಲ ತಂಡಕ್ಕೆ ಹೇಳಿರಲೇ ಇಲ್ಲ. ಒಬ್ಬರು ಮೆಟ್ಟಿಲಿಳಿಯುವಾಗಲೇ ಮ್ಯಾಚಿಗೆ ಸೇರಿಕೊಂಡಿದ್ದರು. ಗೋಡೆ ಇನ್ನೂ ಹಸಿ, ಅದರ ಮೇಲೆ ಹಳೆಯ ಗುರುತೇ ಮತ್ತೆ ಬಿತ್ತು. ಅವರ ಅಂಕಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದನ್ನು ವರದಿಯಲ್ಲಿ ಬರೆದಿಟ್ಟೆ. ಮುಂದಿನವರಿಂದ ಆ ದಿನ ರಾತ್ರಿಯವರೆಗೆ ಫೋನನ್ನು ಮನೆಯವರ ಕೈಗೆ ಕೊಡುವ ಮಾತು ತೆಗೆದುಕೊಂಡೆ.

ಅಳತೆಗೆ ಮೂರು ದಾರಿ ಇಟ್ಟಿದ್ದೆ: ಗೆರೆಯ ಮೇಲಿನ ಗುರುತು, ತುಣುಕು ನೋಡುವಾಗಿನ ಹೃದಯಬಡಿತ, ಫೋನೇ ದಾಖಲಿಸುವ ಆಟದ ಸಮಯ. ಎಷ್ಟು ಆಡಿದಿರಿ ಎಂದು ಬಾಯಿಂದ ಕೇಳಿದರೆ ಸಿಗುವ ಉತ್ತರವನ್ನು ನಾನು ನಂಬುವುದಿಲ್ಲ. ಅವರು ಸುಳ್ಳಾಡುತ್ತಾರೆಂದಲ್ಲ, ಆಟದಲ್ಲಿ ಹೊತ್ತು ಹೋದದ್ದು ಅವರಿಗೇ ತಿಳಿದಿರುವುದಿಲ್ಲ. ಕೊನೆಯ ಅಳತೆಯನ್ನು ಬೇಕೆಂದೇ ಬೇರೆ ಕೋಣೆಯಲ್ಲಿ ಮಾಡಿಸಿದೆ, ಜಾಗ ಬದಲಾದರೆ ಕೆಂಡ ಕಾಣುತ್ತದೆಯೇ ನೋಡಲು.

ತರಬೇತಿ ಮುಗಿದ ಕೂಡಲೇ ಎರಡೂ ಗುಂಪಿನ ಹಂಬಲ ಇಳಿದಿತ್ತು. ಅದರಿಂದ ಏನೂ ತಿಳಿಯದು, ಬೂದಿ ಮುಚ್ಚಿದರೂ ಹಾಗೇ ಕಾಣುತ್ತದೆ. ತಿಂಗಳ ಮೇಲೆ ಕೆದಕಿದ ಗುಂಪಿನಲ್ಲಿ ಕೆಲವರ ಗುರುತು ಕೆಳಗೇ ಉಳಿದಿತ್ತು. ಇಷ್ಟು ಸಣ್ಣ ಗುಂಪಿನಿಂದ ಇದು ಫಲಿಸುತ್ತದೆ ಎಂದು ನಾನು ಹೇಳಲಾರೆ, ಹೇಳಲೂ ಇಲ್ಲ.

ಆ ಕೆಲವರಲ್ಲಿ ಹಳೇ ಮ್ಯಾಪಿನ ಹುಡುಗನೂ ಇದ್ದ. ಲಾಬಿಯ ಸಂಗೀತಕ್ಕೆ ಹೃದಯಬಡಿತ ಅಲುಗಲಿಲ್ಲ, ಗುರುತೂ ಸೊನ್ನೆಯ ಹತ್ತಿರ. ಫೋನಿನ ದಾಖಲೆ ತೆರೆದರೆ ಆಟದ ಸಮಯ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ! ನಾನು ಅವನ ಮುಖ ನೋಡಿದೆ.

'ಆಸೆ ಏನೂ ಇಲ್ಲ ಮೇಡಂ' ಅಂದ. 'ಆದ್ರೆ ರಾತ್ರಿ ಅವರು ಕರೀತಾರೆ. ನಾನು ಹೋಗ್ಲಿಲ್ಲ ಅಂದ್ರೆ ಟೀಮಲ್ಲಿ ಒಬ್ರು ಕಡಿಮೆ ಆಗ್ತಾರೆ.'

ಮುಂದಿನ ಸುತ್ತಿನ ಪ್ರಶ್ನಾವಳಿಯಲ್ಲಿ ನಿಮ್ಮನ್ನು ಆಟಕ್ಕೆ ಕರೆಯುವವರು ಯಾರು ಎಂಬ ಸಾಲು ಸೇರಿಸಿದ್ದೇನೆ.