ಗೊಂಬೆ ಪಾರ್ಕಿನ ಪುಟ್ಟ ರೈಲಿಗೆ ವಿದ್ಯುತ್ ರಕ್ಷಣೆ

ಮೈಸೂರಿನ ಮನೆಗಳಲ್ಲಿ ದಸರಾ ಗೊಂಬೆ ಕೂರಿಸುವಾಗ ಮೆಟ್ಟಿಲುಗಳ ಮುಂದೆ ರಾಗಿ ಪೈರಿನ ಪಾರ್ಕ್ ಮಾಡಿ, ಅದರ ಸುತ್ತ ಮಾದರಿ ರೈಲು ಓಡಿಸುವವರಿದ್ದಾರೆ. ಹಳಿಯಲ್ಲಿರುವುದು 12 ವೋಲ್ಟ್ ಮಾತ್ರ, ಆದ್ದರಿಂದ ಭಯವಿಲ್ಲ ಎಂದು ಅನೇಕರು ನಂಬುತ್ತಾರೆ. ಶಾಕಿನ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಬೆಂಕಿಯ ವಿಷಯದಲ್ಲಿ ನಿಜವಲ್ಲ.

ನಮ್ಮ ಮನೆಯಲ್ಲಿ ಒಂದು ವರ್ಷ ಆರತಿಯ ಹೊತ್ತಿಗೆ ಬೋಗಿಯೊಂದು ಹಳಿ ತಪ್ಪಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಪ್ಲಾಸ್ಟಿಕ್ ಕರಗಿದ ವಾಸನೆ ಬಂದಾಗಲೇ ತಿಳಿಯಿತು. ಲೋಹದ ಚಕ್ರ ಎರಡೂ ಹಳಿಗಳನ್ನು ಬೆಸೆದರೆ ಅದೇ ಶಾರ್ಟ್ ಸರ್ಕ್ಯೂಟ್. 12 ವೋಲ್ಟ್, 5 ಆಂಪಿಯರಿನ ಅಡಾಪ್ಟರ್ ಆ ಒಂದು ಬಿಂದುವಿನ ಸುತ್ತ 60 ವ್ಯಾಟ್‌ವರೆಗೆ ಶಾಖ ಸುರಿಯಬಲ್ಲದು, ಸಣ್ಣ ಸೋಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕು. ಮನೆಯ ಎಂಸಿಬಿ, ಅಂದರೆ ವಿದ್ಯುತ್ ಮಿತಿ ಮೀರಿದಾಗ ಕಡಿಯುವ ಸ್ವಿಚ್, ಇದನ್ನು ತಡೆಯುವುದಿಲ್ಲ. 60 ವ್ಯಾಟ್ ಎಂದರೆ 230 ವೋಲ್ಟಿನ ಕಡೆ ಸುಮಾರು ಕಾಲು ಆಂಪಿಯರ್ ಅಷ್ಟೆ. 6 ಆಂಪಿಯರಿನ ಎಂಸಿಬಿಯ ಲೆಕ್ಕದಲ್ಲಿ ಅದು ಒಂದು ಬಲ್ಬ್ ಉರಿದಂತೆ. ಭೂಮಿಗೆ ಸೋರಿಕೆ ಇಲ್ಲದ್ದರಿಂದ, ಸೋರಿಕೆ ಕಂಡಾಗ ವಿದ್ಯುತ್ ಕಡಿಯುವ ಆರ್‌ಸಿಸಿಬಿಯೂ ಸುಮ್ಮನಿರುತ್ತದೆ. ಹೀಗಾಗಿ ರಕ್ಷಣೆಯನ್ನು ಹಳಿಯ ಕಡೆಯಲ್ಲೇ ಅಳವಡಿಸಬೇಕು.

ಮೊದಲು ಅಡಾಪ್ಟರನ್ನು ನೋಡಿ. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್ ಅಂತರವಿರುವ ಹಾದಿಯಲ್ಲಿ ಓಡುವ ಇಂದಿನ ಎಂಜಿನ್ನುಗಳು ಸಾಮಾನ್ಯವಾಗಿ ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುವುದಿಲ್ಲವಾದ್ದರಿಂದ, ಒಂದೇ ರೈಲಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತುಳ್ಳ 1 ಆಂಪಿಯರಿನ ಅಡಾಪ್ಟರ್ ಸಾಕು. ವಿದೇಶದಿಂದ ಬಂದ ರೈಲಾದರೆ ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ಎಂದು ಓದಿ. 120 ವೋಲ್ಟ್ ಎಂದಷ್ಟೇ ಇದ್ದರೆ ಅದನ್ನು ನಮ್ಮ ಸಾಕೆಟ್ಟಿಗೆ ನೇರವಾಗಿ ಹಾಕಲೇಬಾರದು.

3 ಅಥವಾ 5 ಆಂಪಿಯರಿನ ಅಡಾಪ್ಟರನ್ನೇ ಬಳಸಬೇಕಾದರೆ, ಹಳಿಗೆ ಹೋಗುವ ಎರಡು ವೈರುಗಳಲ್ಲಿ ಒಂದನ್ನು ಕತ್ತರಿಸಿ, ನಡುವೆ ಆಟೊ ಬಿಡಿಭಾಗದ ಅಂಗಡಿಯಲ್ಲಿ ಸಿಗುವ 12 ವೋಲ್ಟ್, 21 ವ್ಯಾಟಿನ ಬಲ್ಬನ್ನು ಹೋಲ್ಡರ್ ಸಮೇತ ಸೇರಿಸಿ. ರೈಲು ಸರಿಯಾಗಿ ಓಡುವಾಗ ಬಲ್ಬಿನ ತಂತು (ಫಿಲಮೆಂಟ್) ತಣ್ಣಗಿದ್ದು ಹೆಚ್ಚೇನೂ ತಡೆಯೊಡ್ಡುವುದಿಲ್ಲ. ಶಾರ್ಟ್ ಆದೊಡನೆ ಬಲ್ಬ್ ಬೆಳಗಿ ವಿದ್ಯುತ್ತನ್ನು 1.75 ಆಂಪಿಯರಿಗೆ ಹಿಡಿದಿಡುತ್ತದೆ. ಆಗ ಕಾವು ಏರುವುದು ಬೋಗಿಯಲ್ಲಲ್ಲ, ಬಲ್ಬಿನಲ್ಲಿ, ಮತ್ತು ಆ ಬೆಳಕೇ ಎಚ್ಚರಿಕೆಯಾಗುತ್ತದೆ. ಈ ಸರಳ ಉಪಾಯವನ್ನು ನಾನು ಬಹಳ ಮೆಚ್ಚುತ್ತೇನೆ. ಎಲ್‌ಇಡಿ ಬಲ್ಬ್ ಈ ಕೆಲಸ ಮಾಡುವುದಿಲ್ಲ, ತಂತುವಿನ ಬಲ್ಬೇ ಬೇಕು. ಅದನ್ನು ಹತ್ತಿ, ಕಾಗದ, ಬಟ್ಟೆಗಳಿಂದ ದೂರವಿಡಿ. ಡಿಜಿಟಲ್ ನಿಯಂತ್ರಣದ ರೈಲಿಗಾದರೆ ಕ್ಷಣದಲ್ಲೇ ವಿದ್ಯುತ್ ಕಡಿಯುವ ಎಲೆಕ್ಟ್ರಾನಿಕ್ ಬ್ರೇಕರ್ ಉತ್ತಮ.

ಅಳವಡಿಸಿದ ಮೇಲೆ ಪರೀಕ್ಷಿಸದೆ ಬಿಡಬೇಡಿ. ಐದು ರೂಪಾಯಿಯ ನಾಣ್ಯವನ್ನು ಎರಡೂ ಹಳಿಗಳ ಮೇಲೆ ಅಡ್ಡವಿಟ್ಟು, ವೃತ್ತದ ಪ್ರತಿ ಮೀಟರಿಗೊಮ್ಮೆ ನೋಡಿ. ಎಲ್ಲೆಡೆಯೂ ಬಲ್ಬ್ ಒಂದೇ ಪ್ರಕಾಶದಲ್ಲಿ ಉರಿಯಬೇಕು, ಬ್ರೇಕರ್ ಇದ್ದರೆ ತಕ್ಷಣ ಕಡಿಯಬೇಕು. ದೂರದ ತುದಿಯಲ್ಲಿ ಬೆಳಕು ಮಂಕಾದರೆ ಅಲ್ಲಿನ ಹಳಿಗಳ ಜೋಡಣೆ ಸಡಿಲವಾಗಿದೆ ಅಥವಾ ವೈರ್ ತೆಳುವಾಗಿದೆ ಎಂದರ್ಥ. ಆ ಜಾಗಕ್ಕೆ 1 ಚದರ ಮಿಲಿಮೀಟರಿನ ತಾಮ್ರದ ವೈರಿನಿಂದ ಪ್ರತ್ಯೇಕ ಸಂಪರ್ಕ ಕೊಡಿ.

ದೀಪಗಳಿಗೆಂದು ಹಳೆಯ ಎಸಿ ಟ್ರಾನ್ಸ್‌ಫಾರ್ಮರುಗಳನ್ನು ಬಳಸುವವರು ಎರಡರ ಔಟ್‌ಪುಟ್ ವೈರುಗಳನ್ನು ಎಂದಿಗೂ ಒಂದಕ್ಕೊಂದು ಜೋಡಿಸಬಾರದು. ಹಾಗೆ ಜೋಡಿಸಿದಾಗ ಒಂದರ ಪ್ಲಗ್ ಕಿತ್ತರೂ, ಇನ್ನೊಂದರ ಕಡಿಮೆ ವೋಲ್ಟೇಜ್ ಅದರೊಳಗೆ ಹಿಮ್ಮುಖವಾಗಿ ಹೊಕ್ಕು, ಕೈಯಲ್ಲಿರುವ ಪ್ಲಗಿನ ಬರಿಯ ಪಿನ್ನುಗಳಲ್ಲಿ 230 ವೋಲ್ಟಿನ ಆಸುಪಾಸಿನ ಪ್ರಾಣಾಂತಿಕ ವೋಲ್ಟೇಜ್ ಮೂಡಿಸುತ್ತದೆ. ಮಕ್ಕಳು ಸುತ್ತ ಓಡಾಡುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ನನಗೆ ಕಾಣುವುದಿಲ್ಲ.

ಎಕ್ಸ್‌ಟೆನ್ಷನ್ ಬೋರ್ಡನ್ನು ಪಾರ್ಕಿನ ಮಣ್ಣಿನ ಮೇಲಿಡದೆ ಎತ್ತರದಲ್ಲಿಡಿ. ರಾಗಿ ಪೈರಿಗೆ ನೀರು ಚಿಮುಕಿಸುವ ಮುನ್ನ ಪ್ಲಗ್ ಕಿತ್ತು, ಹಳಿ ಒಣಗಿದ ಮೇಲಷ್ಟೇ ಮತ್ತೆ ಹಾಕಿ.