ಟೊಮೆಟೊ ಮಂಡಿಯಲ್ಲಿ ಬಿಬಿಎ ಪ್ರಾಜೆಕ್ಟ್: ಚೀಟಿಯಿಂದ ಶುರು ಮಾಡಿ

ಬಿಬಿಎ ಪ್ರಾಜೆಕ್ಟ್ ಅಂದರೆ ಬೈಕ್ ಶೋರೂಮಿನ ‘ಗ್ರಾಹಕರ ಸಂತೃಪ್ತಿ’, ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್, ನಾಲ್ಕು ಪೈ ಚಾರ್ಟ್. ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಕೋಲಾರದಲ್ಲೇ ಇರುವಾಗ ಇಷ್ಟಕ್ಕೇ ನಿಲ್ಲುವುದೇಕೆ? ಮಾರ್ಕೆಟಿಂಗ್, ಮ್ಯಾನೇಜ್‌ಮೆಂಟ್, ಇನ್ಫರ್ಮೇಶನ್ ಸಿಸ್ಟಮ್ಸ್ ಮೂರಕ್ಕೂ ಬೇಕಾದ ಸರಕು ಎಪಿಎಂಸಿಯ ಒಂದೇ ಮಂಡಿಯಲ್ಲಿ ಸಿಗುತ್ತದೆ.

ಪ್ರಶ್ನಾವಳಿ ಹಿಡಿದು ಹೋಗಬೇಡಿ. ಹರಾಜು ನಡೆಯುವಾಗ ಯಾರಿಗೂ ಪುರುಸೊತ್ತಿರುವುದಿಲ್ಲ. ಲಾರಿ ಲೋಡಾಗಿ ಗದ್ದಲ ಇಳಿದ ಮೇಲೆ, ಕಾಲೇಜಿನ ಪತ್ರ ತೋರಿಸಿ, ಹಳೆಯ ಲೆಕ್ಕದ ಚೀಟಿಗಳನ್ನು ನೋಡಲು ಕೇಳಿ. 30 ದಿನದ ಚೀಟಿ ಸಿಕ್ಕರೆ ಸಾಕು. ‘ನಿಮ್ಮ ಲಾಭ ಎಷ್ಟು?’ ಎಂದು ಮೊದಲ ದಿನವೇ ಕೇಳಿದರೆ ಎರಡನೇ ದಿನ ಟೀ ಕೂಡ ಸಿಗುವುದಿಲ್ಲ.

ಒಂದು ಚೀಟಿಯಲ್ಲಿ ಏನಿರುತ್ತದೆ ನೋಡಿ: ತಾರೀಖು, ರೈತರ ಹೆಸರು, ಊರು, ಬಾಕ್ಸ್ ಎಷ್ಟು, ದರ, ಖರೀದಿದಾರರು, ಕಡಿತ, ಕೊಟ್ಟ ಹಣ. ಇದನ್ನೆಲ್ಲ ಎಕ್ಸೆಲ್‌ನ ಒಂದೇ ಉದ್ದನೆಯ ಹಾಳೆಗೆ ತುಂಬಿದರೆ ಅಲ್ಲೇ ಎಡವಟ್ಟು. ಒಬ್ಬ ರೈತರ 60 ಬಾಕ್ಸ್ ಇಬ್ಬರು ಖರೀದಿದಾರರಿಗೆ ಹಂಚಿ ಹೋದ ದಿನ ಯಾವ ಸಾಲಿನಲ್ಲಿ ಏನು ಬರೆಯುತ್ತೀರಿ? ಅದಕ್ಕೇ ನಾಲ್ಕು ಟೇಬಲ್ ಮಾಡಿ: ರೈತರು, ಖರೀದಿದಾರರು, ಲಾಟ್ (ಒಬ್ಬ ರೈತರು ಒಂದು ಸಲ ತಂದ ಬಾಕ್ಸ್‌ಗಳು), ಮಾರಾಟ. ಒಂದು ಲಾಟ್‌ಗೆ ಮಾರಾಟದ ಸಾಲು ಎಷ್ಟಾದರೂ ಇರಬಹುದು. ಆದರೆ ಆ ಸಾಲುಗಳ ಬಾಕ್ಸ್ ಕೂಡಿದರೆ ಲಾಟ್‌ನ ಬಾಕ್ಸ್ ಸಂಖ್ಯೆಯನ್ನು ದಾಟಬಾರದು. ದಾಟಿದರೆ ಎಲ್ಲೋ ಎರಡು ಸಲ ಬರೆದಿದ್ದೀರಿ.

ರೈತರನ್ನು ಹೆಸರಿನಿಂದ ಗುರುತಿಸಲು ಹೋಗಬೇಡಿ. ಈ ಜಿಲ್ಲೆಯಲ್ಲಿ ಒಂದೊಂದು ಊರಿಗೂ ಮೂರು ಜನ ನಾರಾಯಣಪ್ಪ, ನಾಲ್ಕು ಜನ ಮುನಿಯಪ್ಪ. ಮೊಬೈಲ್ ನಂಬರೂ ಆಗದು, ಅಪ್ಪ-ಮಗನಿಗೆ ಒಂದೇ ನಂಬರ್ ಇರುತ್ತದೆ. ರೈ001, ರೈ002 ಎಂದು ನೀವೇ ಕೊಡಿ. ಹೆಸರನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ; ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗುತ್ತದೆ. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಉಳಿದರೂ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹುಡುಕಿ ತರುವ ಎಕ್ಸೆಲ್ ಫಾರ್ಮುಲಾ ವಿಲುಕಪ್ (VLOOKUP) ಕೈಕೊಡುತ್ತದೆ, ಮೊದಲು ಖಾಲಿ ಜಾಗ ತೆಗೆಯುವ ಟ್ರಿಮ್ (TRIM) ಓಡಿಸಿ.

ತಾರೀಖು ಇದಕ್ಕಿಂತ ಅಪಾಯ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 03/07 ಎಂದು ಹಾಕಿದ್ದು ಜುಲೈ 3 ಅಲ್ಲ, ಮಾರ್ಚ್ 7 ಆಗುತ್ತದೆ. 25/07 ಹಾಕಿದರೆ 25ನೇ ತಿಂಗಳು ಇಲ್ಲವಾದ್ದರಿಂದ ಅದು ಬರೀ ಅಕ್ಷರವಾಗಿ ಉಳಿಯುತ್ತದೆ. ಕಾಲಂ ನೋಡಿದರೇ ಗೊತ್ತಾಗುತ್ತದೆ: ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಅಂಟಿರುತ್ತವೆ. ಹಾಗಾಗಿ ದಿನ, ತಿಂಗಳು, ವರ್ಷ ಮೂರು ಬೇರೆ ಕಾಲಂನಲ್ಲಿ ತುಂಬಿ, ಆಮೇಲೆ ಡೇಟ್ ಫಾರ್ಮುಲಾದಿಂದ ಸೇರಿಸಿ.

ಇನ್ನು ದರ. ಇಲ್ಲಿ ಹರಾಜು 15 ಕೆಜಿ ಬಾಕ್ಸಿನ ಲೆಕ್ಕ, ಅಂಗಡಿಯಲ್ಲಿ ಕೆಜಿ ಲೆಕ್ಕ. ಎರಡನ್ನೂ ಒಂದೇ ಚಾರ್ಟಿಗೆ ಹಾಕುವ ಮುಂಚೆ ಬಾಕ್ಸ್ ದರವನ್ನು 15ರಿಂದ ಭಾಗಿಸಿ. ಸರಾಸರಿಯಲ್ಲೂ ಮೋಸ ಹೋಗುವುದು ಸುಲಭ. 40 ಬಾಕ್ಸ್ 200 ರೂಪಾಯಿಗೆ, 10 ಬಾಕ್ಸ್ 520ಕ್ಕೆ ಹೋದವು ಎನ್ನಿ. ಎರಡು ದರ ಕೂಡಿ ಅರ್ಧ ಮಾಡಿದರೆ 360. ಆ ದರಕ್ಕೆ ಒಂದು ಬಾಕ್ಸೂ ಮಾರಾಟವಾಗಿಲ್ಲ. ಒಟ್ಟು ಹಣ 13,200ನ್ನು 50 ಬಾಕ್ಸಿಗೆ ಭಾಗಿಸಿದರೆ 264, ಅದು ಸರಿ. 2023ರ ಜುಲೈನಲ್ಲಿ ಬಾಕ್ಸ್ ದರ 2,000 ರೂಪಾಯಿ ದಾಟಿತ್ತು. ಆ ತಿಂಗಳನ್ನು ಬೇರೆ ವರ್ಷಗಳ ಜೊತೆ ಬೆರೆಸಿ ‘ಜುಲೈ ಸರಾಸರಿ’ ಬರೆಯಬೇಡಿ, ಪ್ರತ್ಯೇಕ ತೋರಿಸಿ.

ಮ್ಯಾನೇಜ್‌ಮೆಂಟ್ ಅಧ್ಯಾಯಕ್ಕೆ ಒಂದೇ ಪ್ರಶ್ನೆ ಹಿಡಿಯಿರಿ: ದರ ಬಿದ್ದಾಗ ರೈತರು ಹಣ್ಣನ್ನು ತೋಟದಲ್ಲೇ ಬಿಡುವುದು ಯಾವಾಗ ಸರಿ? ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಬಾಕ್ಸ್ ದರ 90 ರೂ., ಕೀಳುವ ಕೂಲಿ 25, ಗಾಡಿ ಬಾಡಿಗೆ 20, ಹಮಾಲಿ-ಕಮಿಷನ್ 15. ಬೆಳೆಯಲು ಬಾಕ್ಸಿಗೆ 100 ಆಗಲೇ ಖರ್ಚಾಗಿದೆ. ‘70 ರೂಪಾಯಿ ನಷ್ಟ, ಕೀಳಬಾರದು’ ಎಂದು ಬರೆದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತೀರಿ. ಆ 100 ಕಿತ್ತರೂ ಹೋಯಿತು, ಬಿಟ್ಟರೂ ಹೋಯಿತು. ಇವತ್ತು ಕೈಯಿಂದ ಹೋಗುವುದು 60 ಮಾತ್ರ, ಕಿತ್ತರೆ 30 ಉಳಿಯುತ್ತದೆ. ದರ 50ಕ್ಕೆ ಇಳಿದಾಗ ಬಿಡುವುದೇ ಲೆಕ್ಕ. ಮುಳುಗಿದ ವೆಚ್ಚ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪುಸ್ತಕದಲ್ಲಿ ಸಿಗುವುದು ಕಷ್ಟ.

ಮಾರ್ಕೆಟಿಂಗ್ ಭಾಗ ಚಿಕ್ಕದಿರಲಿ. ಖರೀದಿದಾರರ ಟೇಬಲ್‌ಗೆ ‘ಮಾಲು ಹೋಗುವ ಊರು’ ಎಂಬ ಕಾಲಂ ಸೇರಿಸಿ, ಪಿವೊಟ್ ಟೇಬಲ್ (ಎಕ್ಸೆಲ್ ತಾನೇ ಗುಂಪು ಮಾಡಿ ಕೂಡಿಸಿ ತೋರಿಸುವ ಪಟ್ಟಿ) ಹಾಕಿ. ದೂರದ ಊರಿಗೆ ಗಟ್ಟಿ, ಅರೆಗೆಂಪು ಹಣ್ಣು, ಹತ್ತಿರಕ್ಕೆ ಕಳಿತದ್ದು. ಗ್ರಾಹಕರ ವಿಂಗಡಣೆ ಇಷ್ಟೇ. ಇದಕ್ಕೆ 4ಪಿ (ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಶನ್) ಚಿತ್ರ ಬಿಡಿಸುವ ಅಗತ್ಯವಿಲ್ಲ.

ಪ್ರಿಂಟಿಗೆ ಕೊಡುವ ಮುಂಚೆ ಅನುಬಂಧದಿಂದ ರೈತರ ಹೆಸರು, ಮೊಬೈಲ್ ನಂಬರ್ ಎರಡೂ ತೆಗೆದು ರೈ001 ಮಾತ್ರ ಉಳಿಸಿ. ಮಂಡಿಯ ಹೆಸರು ಹಾಕಬಹುದೇ ಎಂದು ಮಾಲೀಕರನ್ನು ಕೇಳಿ. ಬೇಡ ಎಂದರೆ ‘ಮಂಡಿ ಎ’ ಎಂದು ಬರೆದರೆ ಆಯಿತು, ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.