ಹಳೆಯ ಟ್ರ್ಯಾಕ್ಟರ್ ಮಿಸ್ಸಿಂಗ್ ಹೊಡೆದರೆ: ಕೆಟ್ಟ ಇಂಜೆಕ್ಟರ್ ಹಿಡಿಯುವುದು, ಬದಲಿಸುವುದು

ರೆಂಟೆ ಹೊಡೆಯುವಾಗ ಕರಿಹೊಗೆ, ಐಡ್ಲಿಂಗ್‌ನಲ್ಲಿ ನಡುಕ, ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹೇರಿಕೊಂಡು ಹೊರಟರೆ ಏರಿನಲ್ಲಿ ದಮ್ಮಿಲ್ಲ. ಹಳೆಯ ಮೂರು ಸಿಲಿಂಡರ್ ಟ್ರ್ಯಾಕ್ಟರ್ ಹೀಗೆ ಮಿಸ್ಸಿಂಗ್ ಹೊಡೆದ (ಒಂದು ಸಿಲಿಂಡರ್ ಸರಿಯಾಗಿ ಕೆಲಸ ಮಾಡದ) ಕೂಡಲೇ ಬಹಳ ಜನ ಡೀಸೆಲ್ ಪಂಪ್ ಬಿಚ್ಚಿಸುತ್ತಾರೆ. ಪಂಪ್ ಬಿಚ್ಚುವುದು ಕೊನೆಯ ಕೆಲಸ. ಮೊದಲು ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ರಾಕರ್ ನಡುವಿನ ಅಂತರ) ನೋಡಿ. ಅವು ಸರಿ ಇದ್ದರೆ ತೊಂದರೆ ಯಾವ ಸಿಲಿಂಡರಿನಲ್ಲಿದೆ ಎಂದು ಹಿಡಿಯಿರಿ, ಆಮೇಲೆ ಇಂಜೆಕ್ಟರಿನ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಮಾತು.

ಇಲ್ಲಿ ಹೇಳುವುದೆಲ್ಲ ಮೆಕ್ಯಾನಿಕಲ್ ಪಂಪಿನ ಹಳೆಯ ಎಂಜಿನ್‌ಗೆ ಮಾತ್ರ. ಕಾಮನ್ ರೈಲ್ ಎಂಜಿನ್ನಿನ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಡೀಸೆಲ್ ಕೊಡುವ ಹೊಸ ಬಗೆ) ಪೈಪಿನಲ್ಲಿ 1000 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ. ಎಂಜಿನ್ ಓಡುವಾಗ ಅದರ ನಟ್ಟಿಗೆ ಪಾನಾ ಹಾಕಲೇಬಾರದು.

ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಕನ್ನಡಕ, ಕೈಗವಸು ಹಾಕಿಕೊಂಡು, ನಟ್ಟಿನ ಸುತ್ತ ದಪ್ಪ ಬಟ್ಟೆ ಸುತ್ತಿ, ಒಂದನೇ ಇಂಜೆಕ್ಟರಿನ ಹೈ-ಪ್ರೆಷರ್ ಪೈಪಿನ ನಟ್ಟನ್ನು (ಸಾಮಾನ್ಯವಾಗಿ 17 ಅಥವಾ 19ರ ಪಾನಾ) ಅರ್ಧ ಸುತ್ತು ಸಡಿಲಿಸಿ. ಎಂಜಿನ್ ತಟ್ಟನೆ ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಮತ್ತೆ ಬಿಗಿದು ಮುಂದಿನದಕ್ಕೆ ಹೋಗಿ. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ಸಡಿಲಿಸಿದಾಗ ಹೊಗೆ ನಿಂತರೆ, ಇಲ್ಲವೇ ಟಕ್ ಟಕ್ ಹೊಡೆತ ನಿಂತರೆ, ಅಲ್ಲಿಯ ನೋಝಲ್ (ಇಂಜೆಕ್ಟರಿನ ತುದಿಯ ಸಿಂಪಡಿಸುವ ಭಾಗ) ಡೀಸೆಲನ್ನು ಸಿಂಪಡಿಸದೆ ತೊಟ್ಟಿಕ್ಕಿಸುತ್ತಿರುವ ಸಾಧ್ಯತೆ ಹೆಚ್ಚು.

ಒತ್ತಡದಿಂದ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲು ಕಡಿಮೆ. ಆದರೆ ತಡ ಮಾಡಿದರೆ ಬೆರಳನ್ನೇ ತೆಗೆಯಬೇಕಾಗಬಹುದು. ಹಾಗಾದರೆ ಮನೆಮದ್ದು ಬೇಡ, ಅದೇ ಗಳಿಗೆ ಹುಬ್ಬಳ್ಳಿಯಲ್ಲೋ ಗದಗದಲ್ಲೋ ಶಸ್ತ್ರಚಿಕಿತ್ಸೆ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ, 'ಡೀಸೆಲ್ ಚುಚ್ಚಿದೆ' ಎಂದು ಸ್ಪಷ್ಟವಾಗಿ ಹೇಳಿ.

ಸತ್ತ ಸಿಲಿಂಡರ್ ಸಿಕ್ಕಿತು, ಆದರೆ ಇಂಜೆಕ್ಟರೇ ಕೆಟ್ಟಿದೆ ಎಂದು ಇನ್ನೂ ಖಾತ್ರಿಯಾಗಿಲ್ಲ. ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿನದರೊಂದಿಗೆ ಅದಲುಬದಲು ಮಾಡಿ ನೋಡಿ. ದೋಷವೂ ಅದರ ಜೊತೆ ಹೋದರೆ ಇಂಜೆಕ್ಟರ್ ಕೆಟ್ಟಿದೆ. ದೋಷ ಇದ್ದಲ್ಲೇ ಉಳಿದರೆ ಪಂಪಿನ ಎಲಿಮೆಂಟ್ (ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಭಾಗ), ಡೆಲಿವರಿ ವಾಲ್ವ್ (ಪಂಪಿನಿಂದ ಡೀಸೆಲ್ ಹೊರಹೋಗುವ ವಾಲ್ವ್) ಅಥವಾ ಕಂಪ್ರೆಷನ್ ಕಡೆ ನೋಡಬೇಕು. ಈ ಒಂದು ಪರೀಕ್ಷೆಗೆ ಬೇಕಾದದ್ದು ಎರಡು ಹೊಸ ತಾಮ್ರದ ವಾಷರ್ ಮತ್ತು ಒಂದು ತಾಸು. ಇದನ್ನು ಬಿಟ್ಟು ನೇರವಾಗಿ ಹೊಸ ನೋಝಲ್ ಕೊಳ್ಳುವುದು ದುಡ್ಡು ದಂಡ.

ಬಿಚ್ಚುವ ಮೊದಲು ಇಂಜೆಕ್ಟರ್ ಸುತ್ತ ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು ಗಾಳಿ ಹೊಡೆಯಿರಿ. ನವಲಗುಂದ, ರೋಣದ ಕಡೆ ಎರಿ ಹೊಲದ ಧೂಳು ಎಣ್ಣೆ ಜಿಡ್ಡಿನೊಂದಿಗೆ ಸೇರಿ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದು ತೂತಿನೊಳಗೆ ಬಿದ್ದರೆ ಪಿಸ್ಟನ್, ಲೈನರ್ ಎರಡೂ ಗೀರುತ್ತವೆ. ರಿಟರ್ನ್ ಪೈಪ್ (ಉಳಿದ ಡೀಸೆಲ್ ವಾಪಸ್ ಹೋಗುವ ಪೈಪ್) ತೆಗೆಯಿರಿ. ಹೈ-ಪ್ರೆಷರ್ ಪೈಪನ್ನು ಎರಡೂ ಕಡೆ ಬಿಚ್ಚಿ. ಪಂಪಿನ ಕಡೆ ಬಿಚ್ಚುವಾಗ ಡೆಲಿವರಿ ವಾಲ್ವ್ ಹೋಲ್ಡರ್ ತಿರುಗದಂತೆ ಇನ್ನೊಂದು ಪಾನಾದಿಂದ ಹಿಡಿಯಿರಿ. ಬಿಚ್ಚಿದ ತುದಿಗಳಿಗೆಲ್ಲ ಕ್ಯಾಪ್ ಹಾಕಿ. ಆಮೇಲೆ ಇಂಜೆಕ್ಟರನ್ನು ಹಿಡಿದಿರುವ ಕ್ಲ್ಯಾಂಪಿನ ಎರಡೂ ನಟ್ಟು ಬಿಚ್ಚಿ.

ಇಂಜೆಕ್ಟರ್ ಕಾರ್ಬನ್‌ನಿಂದ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಮೇಲೆತ್ತಿ. ಪಕ್ಕದಿಂದ ಸುತ್ತಿಗೆಯ ಪೆಟ್ಟು ಬೇಡ.

ಈಗ ತಾಮ್ರದ ವಾಷರ್. ಇಂಜೆಕ್ಟರ್ ಹೊರಬಂದರೂ ಹಳೆಯ ವಾಷರ್ ಎಷ್ಟೋ ಸಲ ಕೆಳಗೇ ಉಳಿಯುತ್ತದೆ. ಟಾರ್ಚ್ ಹಾಕಿ ನೋಡಿ, ತಂತಿಯ ಕೊಕ್ಕೆಯಿಂದ ತೆಗೆಯಿರಿ. ಅದರ ಮೇಲೆಯೇ ಹೊಸದು ಕೂತರೆ ನೋಝಲ್ ತುದಿ ಮೇಲಾಗಿ, ಸಿಂಪಡಣೆ ಪಿಸ್ಟನ್ನಿನ ಬಟ್ಟಲಿಗೆ ಸರಿಯಾಗಿ ಬೀಳುವುದಿಲ್ಲ. ಹೊಸ ನೋಝಲ್ ಹಾಕಿದರೂ ಹೊಗೆ ನಿಲ್ಲಲಿಲ್ಲ ಎನ್ನುವ ದೂರಿಗೆ ಇದೊಂದು ದೊಡ್ಡ ಕಾರಣ. ವಾಷರಿನ ದಪ್ಪ ಹಳೆಯದರಷ್ಟೇ ಇರಬೇಕು. ಕೂರುವ ಜಾಗವನ್ನು ಮರದ ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ, ಕಬ್ಬಿಣದಿಂದ ಕೆರೆಯಬೇಡಿ.

ಬಿಚ್ಚಿದ ಮೇಲೆ ಮೂರನ್ನೂ ಪಂಪ್-ನೋಝಲ್ ಅಂಗಡಿಗೆ ಒಯ್ದು ಟೆಸ್ಟರ್ ಮೇಲೆ ಹಾಕಿಸಿ, ಎದುರಿಗೆ ನಿಂತು ನೋಡಿ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ನೋಝಲ್ ತೆರೆಯುವ ಒತ್ತಡ ಸಾಮಾನ್ಯವಾಗಿ 200ರಿಂದ 250 ಬಾರ್ ಆಸುಪಾಸು. ನಿಮ್ಮ ಎಂಜಿನ್ನಿನ ಪಕ್ಕಾ ಅಂಕಿ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಮೂರಕ್ಕೂ ಅದೇ ಇರಲಿ. ಪ್ರತಿ ತೂತಿನಿಂದಲೂ ಮಂಜಿನಂತೆ ಸಿಂಪಡಿಸಬೇಕು, ಪಿಚಕಾರಿಯಂತೆ ಗೆರೆ ಬರಬಾರದು. ತೆರೆಯುವ ಒತ್ತಡಕ್ಕಿಂತ ಸ್ವಲ್ಪ ಕೆಳಗೆ 10 ಸೆಕೆಂಡು ಹಿಡಿದರೆ ತುದಿಯಲ್ಲಿ ಹನಿ ಕಟ್ಟಬಾರದು.

ಹೊಸ ನೋಝಲ್ ಕೊಳ್ಳುವಾಗ ಹಳೆಯದರ ಮೇಲೆ ಕೊರೆದ ನಂಬರ್ ಪೂರ್ತಿ ಹೊಂದಬೇಕು. ನೋಡಲು ಒಂದೇ ಥರ ಇದ್ದರೂ ತೂತಿನ ಕೋನ ಬೇರೆ ಇರಬಹುದು. ನೋಝಲ್ ಒಳಗಿನ ಸೂಜಿ ಮತ್ತು ಬಾಡಿ ಜೋಡಿಯಾಗಿ ತೇಯ್ದು ಕೂಡಿಸಿದವು, ನಡುವಿನ ಅಂತರ ಕೆಲವೇ ಮೈಕ್ರಾನ್. ಒಂದರ ಸೂಜಿ ಇನ್ನೊಂದಕ್ಕೆ ಹಾಕಬೇಡಿ. ಶುದ್ಧ ಡೀಸೆಲ್‌ನಲ್ಲಿ ತೊಳೆದು, ಬಾಡಿಯನ್ನು ನೆಟ್ಟಗೆ ಹಿಡಿದು, ಸೂಜಿಯನ್ನು ಮೂರನೇ ಒಂದು ಭಾಗ ಎಳೆದು ಬಿಟ್ಟರೆ ಅದು ತನ್ನ ಭಾರಕ್ಕೇ ಜಾರಿ ಕೂರಬೇಕು.

ಹಾಕುವಾಗ ಕ್ಲ್ಯಾಂಪಿನ ಎರಡೂ ನಟ್ಟನ್ನು ಸ್ವಲ್ಪ ಸ್ವಲ್ಪವಾಗಿ, ಸಮವಾಗಿ ಬಿಗಿಯಿರಿ. ಒಂದೇ ಕಡೆ ಬಿಗಿದರೆ ಇಂಜೆಕ್ಟರ್ ವಾಲಿ ಕಂಪ್ರೆಷನ್ ಸೋರುತ್ತದೆ, 'ಚಫ್ ಚಫ್' ಸದ್ದು ಬರುತ್ತದೆ. ರಿಟರ್ನ್ ಪೈಪಿನ ವಾಷರುಗಳೂ ಹೊಸವಿರಲಿ.

ಡೀಸೆಲ್ ಪೈಪಿನೊಳಗಿನ ಏರ್ ತೆಗೆಯಲು, ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಮೊದಲು ಸಡಿಲಿಸಿ, ನಂತರ ಪಂಪಿನದು. ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ಒತ್ತುವ ಸಣ್ಣ ಪಂಪ್) ಒತ್ತಿ. ಕೊನೆಗೆ ಇಂಜೆಕ್ಟರ್ ಕಡೆಯ ನಟ್ಟುಗಳನ್ನು ಸಡಿಲ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಎಳೆದು ಸೆಲ್ಫ್ ಹೊಡೆಯಿರಿ, ಒಮ್ಮೆಗೆ 10 ಸೆಕೆಂಡು ಮೀರದಂತೆ. ಡೀಸೆಲ್ ಬಂದ ಕೂಡಲೇ ಬಿಗಿದು, ಆಕ್ಸಿಲರೇಟರ್ ಇಳಿಸಿ ಸ್ಟಾರ್ಟ್ ಮಾಡಿ. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ, ಕೈ ಆಡಿಸಬೇಡಿ.

ನೋಝಲ್ ಕೆಡಲು ದೊಡ್ಡ ಕಾರಣ ನೀರು ಮತ್ತು ಧೂಳು. ಬ್ಯಾರಲ್ಲಿನ ಡೀಸೆಲ್ ಬಳಸುವವರು ಒಂದು ದಿನ ಅಲುಗಾಡಿಸದೆ ಬಿಟ್ಟು, ತಳದ ನಾಲ್ಕು ಬೆರಳು ಮುಟ್ಟದೆ ತೆಗೆಯಬೇಕು. ಮಳೆಗಾಲದಲ್ಲಿ ಟ್ಯಾಂಕನ್ನು ಸಂಜೆಯೇ ತುಂಬಿಸಿದರೆ ರಾತ್ರಿಯ ತೇವ ಒಳಗೆ ನೀರಾಗಿ ಕೂರುವುದು ಕಡಿಮೆ. ಹೊಸ ನೋಝಲ್ ಜೊತೆ ಡೀಸೆಲ್ ಫಿಲ್ಟರೂ ಹೊಸದಾಗಲಿ. ಡಿಪ್‌ಸ್ಟಿಕ್ ಎಳೆದು ನೋಡಿ: ಎಂಜಿನ್ ಆಯಿಲ್ ಮಟ್ಟ ಏರಿದ್ದರೆ, ಆಯಿಲ್ ತೆಳುವಾಗಿದ್ದು ಡೀಸೆಲ್ ವಾಸನೆ ಬಂದರೆ, ಸೋರಿದ ಡೀಸೆಲ್ ಕೆಳಗಿಳಿದಿದೆ. ಆಯಿಲ್ ಮತ್ತು ಅದರ ಫಿಲ್ಟರ್ ಬದಲಿಸುವವರೆಗೆ ಟ್ರೇಲರ್ ಕಟ್ಟಬೇಡಿ, ಬೇರಿಂಗ್ ಉಳಿಯುವುದಿಲ್ಲ.